ಘಾಟಿ ಡ್ರೈವರಿಗೆ ಹೆಣ್ಣು ಕೊಡುವುದಿಲ್ಲ

ಘಾಟಿ ರಸ್ತೆಯಲ್ಲಿ ಕಾರು ಓಡಿಸುವವನು ನಗುವುದಕ್ಕೆಂದು ಟಿಕೆಟ್ ತೆಗೆದುಕೊಂಡು ನಾಟಕಕ್ಕೆ ಹೋಗಬೇಕಾಗಿಲ್ಲ. ಒಂದಲ್ಲ ಒಂದು ತಿರುವಿನಲ್ಲಿ ನಗು ತಾನಾಗಿ ಬಂದು ರಸ್ತೆಗೆ ಅಡ್ಡ ನಿಂತಿರುತ್ತದೆ. ತೊಂದರೆಯೆಂದರೆ ಆಗ ನಗುವ ಹಾಗಿಲ್ಲ. ಎರಡು ಕೈಯೂ ಸ್ಟೀರಿಂಗಿನ ಮೇಲಿರುತ್ತವೆ, ಪಕ್ಕದಲ್ಲಿ ಪ್ರಪಾತವಿರುತ್ತದೆ. ಆದ್ದರಿಂದ ಆಗ ನಗದೆ ಉಳಿಸಿಕೊಂಡದ್ದನ್ನೆಲ್ಲ ನಾನು ಈಗ ಕೂತು ನಗುತ್ತಿದ್ದೇನೆ.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಬಾಡಿಗೆ ಕಾರಿನ ಡ್ರೈವರ್. ಕಾರು ಅಕ್ಕಿ ಗಿರಣಿಯ ಸಾಹುಕಾರರದು. ನೀಲಗಿರಿಯ ಟೀ ತೋಟದ ದೊರೆಯೊಬ್ಬ ತನ್ನ ಸೀಮೆಗೆ ವಾಪಸಾಗುವಾಗ ಮಾರಿಹೋದ ಹಳೆಯ ಕಾರು. ಬೆಟ್ಟ, ಕಾಡು, ಕಣಿವೆ ನೋಡಬೇಕೆಂದು ಮೈಸೂರಿನ ಕಡೆಯಿಂದ ಬರುವವರನ್ನು ಬಂಡೀಪುರದ ಕಾಡು ದಾಟಿಸಿ ಗೂಡಲೂರಿನ ಘಾಟಿ ಹತ್ತಿಸುವುದು ನನ್ನ ಕೆಲಸ. ಚಾಮರಾಜನಗರದ ಕಡೆಯವರು ಬಂದರೆ ಪುಣಜನೂರಿನ ಮೇಲೆ ಹೋಗಿ ದಿಂಬಂ ಘಾಟಿ ಇಳಿಸಿ ಮತ್ತೆ ಹತ್ತಿಸಬೇಕು. ಆ ತಿರುವುಗಳೆಲ್ಲ ನನಗೆ ನಮ್ಮ ಮನೆಯ ಹಿತ್ತಲಿದ್ದ ಹಾಗೆ. ಹೆದರಿಕೆ ಎಂಬುದು ಗೊತ್ತಿರಲಿಲ್ಲ.

ಗೊತ್ತಿಲ್ಲದ್ದೇ ಕಷ್ಟಕ್ಕೆ ಬಂತು. ಅವ್ವ ನನಗೆ ಬೇಗೂರಿನಲ್ಲಿ ಒಂದು ಹೆಣ್ಣು ಗೊತ್ತುಮಾಡಿದ್ದಳು. ನೋಡಲು ಹೋದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ಎಲ್ಲ ಹುಡುಗಿಯರ ಹಾಗೆ ತಲೆ ತಗ್ಗಿಸದೆ, ನೆಟ್ಟಗೆ ನನ್ನ ಮುಖ ನೋಡಿದಳು. ತಲೆ ತಗ್ಗಿಸಿದವನು ನಾನು. ಆದರೆ ಮಾಡಿಕೊಂಡರೆ ಇವಳನ್ನೇ ಎಂದು ತಟ್ಟೆ ನೋಡುತ್ತಲೇ ತೀರ್ಮಾನಿಸಿಬಿಟ್ಟೆ.

ಹುಡುಗಿಯ ಅಪ್ಪ ಊರಿನಲ್ಲಿ ಹೊಲ ಗದ್ದೆ ಇದ್ದ ಯಜಮಾನರು. ನಮ್ಮನ್ನು ಬಾಗಿಲ ತನಕ ಕಳಿಸಿಕೊಡಲು ಬಂದು ಅವ್ವನಿಗೆ ಹೇಳಿದರು: "ಹುಡ್ಗನ ಮ್ಯಾಲೆ ಒಂದು ಮಾತಿಲ್ಲ ಕಣಮ್ಮ. ಆದ್ರೆ ಘಾಟಿ ಡ್ರೈವರ್‌ಗೆ ಹೆಣ್ಣು ಕೊಡಾಕಿಲ್ಲ. ನನ್ ಮಗಳು ದಿನಾ ಸಂಜೆ ಬಾಗ್ಲಲ್ಲಿ ನಿಂತ್ಕಂಡು ದಾರಿ ಕಾಯಕ್ಕಾಯ್ತದಾ?"

ಅವ್ವ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಯಜಮಾನರು ಒಂದು ಷರತ್ತು ಹಾಕಿದರು. ಸಂಕ್ರಾಂತಿಯ ತನಕ ನೋಡುತ್ತೇನೆ, ಅಷ್ಟರಲ್ಲಿ ಘಾಟಿಯಿಂದ ನಿನ್ನ ಮಗನ ಮೇಲೆ ಒಂದು ದೂರೂ ಬರಬಾರದು ಎಂದರು. ಕೇಳಲು ಸುಲಭ. ಆದರೆ ಬೇಗೂರು ಹೆದ್ದಾರಿಯ ಮೇಲಿದೆ. ಘಾಟಿಯಲ್ಲಿ ನಾನು ಸೀನಿದರೂ ಸರ್ವಿಸ್ ಬಸ್ಸಿನ ಕಂಡಕ್ಟರ್ ಅದನ್ನು ಕೆಮ್ಮು ಮಾಡಿ, ಜ್ವರ ಮಾಡಿ, ನನಗಿಂತ ಮೊದಲೇ ಬೇಗೂರಿನಲ್ಲಿ ಇಳಿಸುತ್ತಿದ್ದ.

ಕಣ್ಣಾರೆ ಕಂಡ ಜಲಪಾತ

ಮೈಸೂರಿನಿಂದ ಒಬ್ಬ ನಿವೃತ್ತ ಅಮಲ್ದಾರರು ಹೆಂಡತಿಯನ್ನೂ ಅಡಿಗೆಯ ಭಟ್ಟರನ್ನೂ ಕರೆದುಕೊಂಡು ಬಂದರು. ಕೊರಳಲ್ಲಿ ದುರ್ಬೀನು. ಎಲ್ಲೆಲ್ಲಿ ಸೀನರಿ ಚೆನ್ನಾಗಿದೆಯೋ ಅಲ್ಲೆಲ್ಲ ನಿಧಾನ ಮಾಡಬೇಕು ಎಂದು ಕಾರು ಹತ್ತುವ ಮುಂಚೆಯೇ ನನಗೆ ಅಪ್ಪಣೆಯಾಯಿತು. ಬಂಡೀಪುರದ ಕಾಡಿನಲ್ಲಿ ಜಿಂಕೆ ಕಂಡರೂ ದುರ್ಬೀನು, ನವಿಲು ಕಂಡರೂ ದುರ್ಬೀನು, ರಸ್ತೆ ಕೆಲಸದವರ ಎಮ್ಮೆ ಕಂಡಾಗಲೂ ಕಾಡುಕೋಣವೆಂದು ದುರ್ಬೀನು.

ಗೂಡಲೂರು ದಾಟಿ ಘಾಟಿ ಶುರುವಾಯಿತು. ಮೊದಲ ತಿರುವಿನಲ್ಲೇ ಹಿಂದಿನ ಸೀಟಿನ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದೆ. ಅಮಲ್ದಾರರು ಎರಡು ಕೈಯಲ್ಲೂ ಸೀಟು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದರು.

"ಎಡಗಡೆ ಏನು ಕಾಣುತ್ತೆ, ನೋಡಿ ಹೇಳೇ," ಎಂದು ಹೆಂಡತಿಯನ್ನು ಕೇಳಿದರು.

ಆಕೆಯೂ ಕಣ್ಣು ಮುಚ್ಚಿದ್ದರು. ತಲೆ ಸುತ್ತುತ್ತದೆ, ಭಟ್ಟರನ್ನು ಕೇಳಿ ಎಂದರು. ಭಟ್ಟರು ನನ್ನ ಪಕ್ಕದಲ್ಲಿ ಮುಖದ ತುಂಬ ಪಂಚೆ ಮುಚ್ಚಿಕೊಂಡು ಕೂತಿದ್ದರು. ಪಂಚೆಯ ಒಳಗಿಂದಲೇ ಡ್ರೈವರನ್ನು ಕೇಳಿ ಎಂದರು. ಕಾರಿನಲ್ಲಿ ಕಣ್ಣು ಬಿಟ್ಟಿದ್ದವನು ನಾನೊಬ್ಬನೇ, ಅದೂ ಸಂಬಳಕ್ಕೆ.

ಹೇಳತೊಡಗಿದೆ. ಕೆಳಗೆ ಮೋಡ ಇದೆ ಬುದ್ಧಿ, ಮೇಲೆ ಟೀ ತೋಟ ಇದೆ ಬುದ್ಧಿ ಎಂದೆ. ಹಸಿರು ಎಂದರೆ ಎಂಥ ಹಸಿರು ಎಂದು ಅಮಲ್ದಾರರು ಕೇಳಿದರು. ಎಳೆಯ ಬಾಳೆಲೆಯ ಹಸಿರು ಎಂದೆ. ಆಹಾ ಎಂದರು. ಅರ್ಧ ಘಾಟಿ ಮುಗಿಯುವಷ್ಟರಲ್ಲಿ ನನಗೆ ಹೇಳಲು ಸರಕು ಮುಗಿದಿತ್ತು, ಅವರಿಗೆ ಕೇಳುವ ಆಸೆ ಮುಗಿದಿರಲಿಲ್ಲ. ಬೇರೆ ದಾರಿ ಕಾಣದೆ ಬಲಗಡೆ ಬಂಡೆಯ ಮೇಲಿಂದ ಒಂದು ಜಲಪಾತ ಬಿಟ್ಟೆ. ಅಲ್ಲಿ ಬಂಡೆ ಇತ್ತು, ನೀರು ಮಾತ್ರ ನಂದು. ಅವರಿಗೆ ಅದು ಬಹಳ ಹಿಡಿಸಿತು. ಇಳಿಯುವಾಗಲೂ ಕಣ್ಣು ಮುಚ್ಚಿಕೊಂಡೇ, ಆ ಜಲಪಾತ ಬಂತೇ, ಇನ್ನೊಂದು ಸಲ ವರ್ಣಿಸು ಎಂದರು. ಎರಡನೆಯ ಸಲ ಅದರಲ್ಲಿ ಕಾಮನಬಿಲ್ಲನ್ನೂ ಹಾಕಿದೆ.

ಡ್ರೈವರ್ ರಸ್ತೆ ನೋಡುವುದು ಬಿಟ್ಟು ಕಥೆ ಹೇಳುತ್ತಾನೆಂದು ಬೇಗೂರಿಗೆ ಸುದ್ದಿ ಹೋಯಿತು. ಕಥೆ ಹೇಳುವುದು ದೂರಲ್ಲ ಎಂದು ಯಜಮಾನರು ಬಿಟ್ಟರಂತೆ. ಅದನ್ನಾದರೂ ಸಹಿಸಬಹುದಿತ್ತು. ಎರಡು ತಿಂಗಳ ಮೇಲೆ ಮೈಸೂರಿನಿಂದ ಇನ್ನೊಂದು ಕುಟುಂಬ ಬಂದಿಳಿಯಿತು. ಊಟಿ ಆಮೇಲೆ ನೋಡುತ್ತೇವೆ, ಮೊದಲು ಅಮಲ್ದಾರರು ಕಣ್ಣಾರೆ ಕಂಡ ಆ ಜಲಪಾತ ತೋರಿಸು ಎಂದರು.

ಚಕ್ರಕ್ಕೆ ಕಲ್ಲು

ದಿಂಬಂ ಘಾಟಿಯಲ್ಲಿ ಹಳೆಯ ಕಾರು ಹತ್ತಿಸುವುದಕ್ಕೆ ಒಂದು ಕ್ರಮವಿತ್ತು. ರೇಡಿಯೇಟರ್ ಕುದಿಯತೊಡಗಿದರೆ ಕಾರು ನಿಲ್ಲಿಸಬೇಕು. ನಿಲ್ಲಿಸಿದ ಕೂಡಲೆ ಯಾರಾದರೂ ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು, ಇಲ್ಲವಾದರೆ ಹತ್ತಿದ್ದೆಲ್ಲ ಇಳಿದುಹೋಗುತ್ತದೆ. ನೀರು ತುಂಬಿಸಿ, ಆರಿದ ಮೇಲೆ ಮತ್ತೆ ಹೊರಡುವುದು.

ಚಾಮರಾಜನಗರದ ಪಕ್ಕದ ಹಳ್ಳಿಯ ನಾಲ್ವರು ಅಣ್ಣತಮ್ಮಂದಿರು ಬಣ್ಣಾರಿ ಮಾರಮ್ಮನಿಗೆ ಹರಕೆ ಒಪ್ಪಿಸಲು ನನ್ನ ಕಾರಿನಲ್ಲಿ ಬಂದಿದ್ದರು. ನಾಲ್ವರೂ ಗಟ್ಟಿ ಆಳುಗಳು, ಹೇಳಿದ ಮಾತನ್ನು ಚಾಚೂ ತಪ್ಪದೆ ಮಾಡುವವರು. ಪೂಜೆ ಮುಗಿಸಿ ವಾಪಸು ಘಾಟಿ ಹತ್ತುವ ಮೊದಲು, ಕಾರು ನಿಂತ ತಕ್ಷಣ ಕಲ್ಲು ಕೊಡಬೇಕು ಎಂದು ಹೇಳಿದೆ. ಅದ್ಯಾವ ಕೆಲಸ ಬುಡಿ ಅಂದರು.

ಮೊದಲ ಸಲ ನಿಲ್ಲಿಸಿದೆ. ಕಾರು ಒಂದು ಗೇಣೂ ಹಿಂದಕ್ಕೆ ಹೋಗಲಿಲ್ಲ. ಭಲೇ ಎಂದೆ. ಎರಡನೆಯ ಸಲವೂ ಹಾಗೆಯೇ. ಆಮೇಲೆ ಕಾರು ಪದೇ ಪದೇ ಕುದಿಯತೊಡಗಿತು. ಎರಡು ತಿರುವಿಗೊಮ್ಮೆ ನಿಲ್ಲುತ್ತಿದ್ದುದು ಪ್ರತಿ ತಿರುವಿಗೂ ನಿಲ್ಲತೊಡಗಿತು. ಹಿಂಭಾಗ ನೆಲಕ್ಕೆ ಕೂತು ಮೂತಿ ಮೇಲಕ್ಕೆದ್ದಿತು, ನನಗೆ ರಸ್ತೆಗಿಂತ ಆಕಾಶ ಹೆಚ್ಚು ಕಾಣುತ್ತಿತ್ತು. ನಾಲ್ವರನ್ನೂ ಇಳಿಸಿ ನಡೆಸಿದೆ. ಆಗಲೂ ಹತ್ತಲೊಲ್ಲದು. ಇಂಜಿನ್ ಕೆಟ್ಟಿತು, ಸಾಹುಕಾರರಿಗೆ ಏನು ಹೇಳುವುದು, ಬೇಗೂರಿಗೆ ಏನು ಸುದ್ದಿ ಹೋಗುವುದು ಎಂದು ಲೆಕ್ಕ ಹಾಕುತ್ತ ಕೆಳಗಿಳಿದೆ.

ಸ್ಪ್ಯಾನರ್ ತೆಗೆಯೋಣವೆಂದು ಡಿಕ್ಕಿ ತೆರೆದೆ. ಡಿಕ್ಕಿಯ ತುಂಬ ಕಲ್ಲು. ಒಂದೊಂದೂ ಕುಂಬಳಕಾಯಿ ಗಾತ್ರ. ನಿಲ್ಲಿಸಿದಾಗೆಲ್ಲ ಒಂದು ಕಲ್ಲು ಕೊಟ್ಟು, ಹೊರಡುವಾಗ ಅದನ್ನು ಎತ್ತಿ ಒಳಗಿಟ್ಟುಕೊಂಡು ಬಂದಿದ್ದರು. ಮುಂದಿನ ತಿರುವಿನಲ್ಲಿ ಆತುರಕ್ಕೆ ಕೈಗೆ ಸಿಕ್ಕಿದ ಹೊಸ ಕಲ್ಲು, ಅದೂ ಒಳಕ್ಕೆ.

ಯಾಕ್ರಪ್ಪ ಇದು ಎಂದೆ. ಹಿರಿಯಣ್ಣ ನಿಧಾನವಾಗಿ ಹೇಳಿದ: "ವೊಳ್ಳೆ ಕಲ್ಲು ಕಣಣ್ಣ, ಯಾವ್ದೂ ಮೋಸ ಮಾಡ್ನಿಲ್ಲ. ಮುಂದ್ಕೆ ಕಲ್ಲು ಸಿಕ್ದೆ ಓದ್ರೆ ಅಂತ ಮಡಗಿವಿ."

ನಾನು ಸುತ್ತ ನೋಡಿದೆ. ಮುಂದೆ ಬೆಟ್ಟ, ಹಿಂದೆ ಬೆಟ್ಟ, ಎಡಕ್ಕೂ ಬಲಕ್ಕೂ ಬೆಟ್ಟ. ಎಲ್ಲ ಇಳಿಸಿ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಇಳಿಸಿದರು. ಕಾರು ಕುದುರೆಯ ಹಾಗೆ ಓಡಿತು. ಪುಣಜನೂರು ದಾಟಿ ಬಯಲಿಗೆ ಬಂದ ಮೇಲೆ ನೋಡಿದರೆ ಕಿರಿಯ ತಮ್ಮನ ತೊಡೆಯ ಮೇಲೆ ಟವೆಲ್ ಮುಚ್ಚಿದ ಗಂಟೊಂದಿತ್ತು. ಇದು ಮಾತ್ರ ಮನೆಗೆ, ನಮ್ಮ ಗಾಡಿಗೂ ಬೇಕಾಯ್ತದೆ ಅಂದ.

ಆನೆಗೆ ಹೇಳಿಕೊಂಡ ಕಾಯಿ

ಮೂರನೆಯದು ಸಾಹುಕಾರರ ತಾಯಿಯದು. ಆ ಅಜ್ಜಿ ಮಾತೆತ್ತಿದರೆ ಗಿರಣಿಯೇ ನಿಲ್ಲುತ್ತಿತ್ತು. ಗೂಡಲೂರಿನ ಮಗಳ ಮನೆಗೆ ಅವರನ್ನು ಬಿಟ್ಟುಬರಲು ಹೋಗುತ್ತಿದ್ದೆ. ಮಗಳಿಗೆಂದು ಒಂದು ಬುಟ್ಟಿ ತೆಂಗಿನಕಾಯಿ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಬಂಡೀಪುರ ದಾಟಿ ಸ್ವಲ್ಪ ದೂರದಲ್ಲಿ ಒಂಟಿ ಸಲಗ ರಸ್ತೆಗೆ ಅಡ್ಡ ನಿಂತಿತ್ತು. ಇಂಜಿನ್ ಆರಿಸಿ ಕಾದೆವು. ಅದು ಕಿವಿ ಬೀಸುತ್ತ ನಿಂತೇ ಇತ್ತು. ಅಜ್ಜಿ ಹಿಂದಿನ ಸೀಟಿನಲ್ಲೇ ಗಣಪತಿಯನ್ನು ಕಂಡ ಹಾಗೆ ಎರಡು ಕೈ ಜೋಡಿಸಿ, "ಅಪ್ಪಾ ಬೆನವಣ್ಣ, ದಾರಿ ಬುಟ್ಬುಡು. ನಿಂಗೆ ಒಂದು ತೆಂಗಿನ್ಕಾಯಿ ಕೊಡ್ತೀನಿ," ಅಂದರು. ಆನೆ ಏನು ತಿಳಿದುಕೊಂಡಿತೋ, ಒಂದು ಸಲ ಸೊಂಡಿಲು ಆಡಿಸಿ ಪಕ್ಕದ ಗಾಡಿಜಾಡು ಹಿಡಿದು ಕಾಡಿಗೆ ಇಳಿಯಿತು.

ಬದುಕಿದೆವು ಎಂದು ಕಾರು ಹೊರಡಿಸಿದೆ. ನಿಲ್ಲಿಸ್ಲಾ ಎಂದರು ಅಜ್ಜಿ. ಕಾಯಿ ಕೊಟ್ಟಿಲ್ಲವಲ್ಲ, ಕೊಡದೆ ಹೋಗುವುದುಂಟೇ ಎಂದು ಕೇಳಿದರು. ಗೂಡಲೂರಿನಲ್ಲಿ ಗಣಪತಿ ಗುಡಿ ಇದೆ, ಅಲ್ಲಿ ಒಡೆಯೋಣ ಎಂದೆ. ಅದಕ್ಕೆ ಅಜ್ಜಿ, "ಕೊಡ್ತೀನಿ ಅಂದಿದ್ದು ಇವ್ನಿಗೆ ಕಣ್ಲಾ. ಗುಡೀಲಿ ಕುಂತಿರೋನು ದಾರಿ ಬುಟ್ನಾ?" ಅಂದರು.

ಕಾರನ್ನು ಗಾಡಿಜಾಡಿಗೆ ತಿರುಗಿಸಿದೆ. ಆನೆ ಕಂಡರೆ ಕಾರನ್ನು ಹಿಂದಕ್ಕೆ ಓಡಿಸುವುದು ಲೋಕದ ವಾಡಿಕೆ. ಆನೆಯ ಹಿಂದೆ ಓಡಿಸಿದವನು ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಗಾಡಿಜಾಡಿನಲ್ಲಿ ಕಾರು ಎದ್ದು ಬಿದ್ದು ಹೋಗುತ್ತಿದ್ದರೆ ಅಜ್ಜಿ ಕಿಟಕಿಯಿಂದ ಕಾಯಿ ಹಿಡಿದ ಕೈ ಆಚೆ ಚಾಚಿ, ನಿಲ್ಲಪ್ಪ, ನಿಲ್ಲಪ್ಪ ಅನ್ನುತ್ತಿದ್ದರು. ಆನೆ ಎರಡು ಸಲ ಹಿಂತಿರುಗಿ ನೋಡಿ ಹೆಜ್ಜೆ ಜೋರು ಮಾಡಿತು. ಅದರ ಆಯುಷ್ಯದಲ್ಲಿ ಇಂಥದ್ದು ಕಂಡಿರಲಿಕ್ಕಿಲ್ಲ.

ಒಂದು ಹಳ್ಳದ ಹತ್ತಿರ ಜಾಡು ಮುಗಿಯಿತು, ಆನೆ ಆಚೆ ದಡಕ್ಕೆ ಹೋಯಿತು. ಅಜ್ಜಿ ಇಳಿದು ಅದರ ಹೆಜ್ಜೆಗುರುತಿನ ಮೇಲೆ ಕಾಯಿ ಇಟ್ಟು ಕೈ ಮುಗಿದರು. ನಾವು ಕಾರು ತಿರುಗಿಸುವಷ್ಟರಲ್ಲಿ ಮರದಿಂದ ಒಂದು ದೊಡ್ಡ ಮುಸುವ ಇಳಿದು ಕಾಯಿ ಎತ್ತಿಕೊಂಡು ಹೋಯಿತು. ಇನ್ನು ಬುಟ್ಟಿ ಪೂರ್ತಿ ಹೊತ್ತುಕೊಂಡು ಹಳ್ಳ ದಾಟು ಎನ್ನುತ್ತಾರೆ ಎಂದುಕೊಂಡು ಚಪ್ಪಲಿ ಬಿಚ್ಚತೊಡಗಿದೆ.

ಅಜ್ಜಿ ನೆಮ್ಮದಿಯಿಂದ ಕಾರು ಹತ್ತಿದರು. "ನಡಿಲಾ, ಓಗನ. ಆಂಜನೇಯ ತಗಂಡೋಗಿ ಕೊಡ್ತಾನೆ. ಅವರವ್ರಲ್ಲಿ ಬಳಕೆ ಇರ್ತದೆ."

ಯಜಮಾನರ ತೀರ್ಪು

ಕಾರು ಆನೆಯನ್ನು ಅಟ್ಟಿಸಿಕೊಂಡು ಕಾಡಿಗೆ ನುಗ್ಗಿದ್ದನ್ನು ಎದುರಿನಿಂದ ಬಂದ ಸರ್ವಿಸ್ ಬಸ್ಸಿನ ಕಂಡಕ್ಟರ್ ಕಣ್ಣಾರೆ ಕಂಡಿದ್ದ. ಅವನು ಅದಕ್ಕೆ ಏನೂ ಸೇರಿಸುವ ಅಗತ್ಯವೇ ಇರಲಿಲ್ಲ. ಸಂಕ್ರಾಂತಿಯ ತನಕ ಕಾಯುವುದು ಬೇಡ, ಮುಂದಿನ ಸೋಮವಾರ ನಾನೇ ಬಂದು ಇವನು ಓಡಿಸುವುದನ್ನು ನೋಡಿ ತೀರ್ಮಾನ ಹೇಳುತ್ತೇನೆ ಎಂದು ಯಜಮಾನರು ಬೇಗೂರಿನಿಂದ ಹೇಳಿಕಳಿಸಿದರು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಹುಡುಗಿ ಕೈತಪ್ಪಿದಳು ಎಂದೇ ಲೆಕ್ಕ ಹಾಕಿಕೊಂಡಿದ್ದೆ.

ಸೋಮವಾರ ಯಜಮಾನರು ಹಣೆತುಂಬ ವಿಭೂತಿ ಇಟ್ಟುಕೊಂಡು ಬಂದರು. ಜೊತೆಗೆ ಹೆಂಡತಿ ಇದ್ದರು. ನೀವೊಬ್ಬರೇ ಬೆಟ್ಟ ನೋಡಿಕೊಂಡು ಬರುವುದು ಯಾವ ನ್ಯಾಯ ಎಂದು ಅವರು ಜಗಳ ಮಾಡಿ ಹೊರಟಿದ್ದರಂತೆ. ವಯಸ್ಸಿಗೆ ಬಂದ ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡುವುದು ಹೇಗೆಂದು ಅವಳೂ ಬಂದಿದ್ದಳು. ಯಜಮಾನರು ನನ್ನ ಪಕ್ಕ, ಹೆಂಗಸರು ಹಿಂದೆ. ಕನ್ನಡಿಯಲ್ಲಿ ಹುಡುಗಿಯ ಮುಖದ ಅರ್ಧ ಕಾಣುತ್ತಿತ್ತು. ಆ ಅರ್ಧವನ್ನೂ ನೋಡದೆ ಓಡಿಸಿದೆ.

ಬಂಡೀಪುರದ ಕಾಡಿನಲ್ಲಿ ಯಜಮಾನರು ಬಹಳ ಮಾತಾಡಿದರು. ಗೇರು ಹಾಕುವುದು, ಹಾರನ್ ಹೊಡೆಯುವುದು ಎಲ್ಲವನ್ನೂ ಎತ್ತು ಕೊಳ್ಳಲು ಬಂದವರ ಹಾಗೆ ನೋಡಿದರು. ಘಾಟಿ ಶುರುವಾದ ಮೇಲೆ ಮಾತು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಎದುರಿನಿಂದ ಟೀ ಸೊಪ್ಪಿನ ಲಾರಿ ಬಂದಾಗ ನನ್ನ ತೋಳನ್ನು ಹಿಡಿದವರು ಬಿಡಲೇ ಇಲ್ಲ. ಹಿಂದಿನಿಂದ ಮಾತ್ರ ಹುಡುಗಿ ಅವ್ವನಿಗೆ, ಅಲ್ ನೋಡವ್ವ, ಇಲ್ ನೋಡವ್ವ ಅನ್ನುತ್ತಿದ್ದಳು. ನಾನು ಒಂದು ತಪ್ಪನ್ನೂ ಮಾಡದೆ ನಡುವಟ್ಟಂ ಮುಟ್ಟಿಸಿದೆ.

ಅಲ್ಲೊಬ್ಬ ಮಲೆಯಾಳಿಯ ಚಾ ಅಂಗಡಿ ಇತ್ತು. ಯಜಮಾನರು ಇಳಿದು ಚಾ ಕುಡಿದು, ಸುಧಾರಿಸಿಕೊಂಡು, ಅಂಚಿಗೆ ಹೋಗಿ ಕೆಳಗೆ ನೋಡಿದರು. ಸುತ್ತಿ ಸುತ್ತಿ ಬಿದ್ದಿದ್ದ ರಸ್ತೆ ಪೂರ್ತಿ ಕಾಣುತ್ತಿತ್ತು.

"ನಾವ್ ಬಂದಿದ್ದು ಅದ್ರಲ್ಲೇನ್ಲಾ?" ಎಂದರು. ಹೌದು ಎಂದೆ. ವಾಪಸು ಓಗೋದು? ಅದರಲ್ಲೇ ಎಂದೆ. ಅವರು ಬಂದು ಬೆಂಚಿನ ಮೇಲೆ ಕೂತರು. ಕೂತವರು ಏಳಲಿಲ್ಲ. ನಾನು ಈ ಕಾರು ಹತ್ತುವುದಿಲ್ಲ ಎಂದುಬಿಟ್ಟರು.

ನಡೆದು ಇಳಿಯುತ್ತೇನೆ ಎಂದರು. ಕೆಳಗೆ ಆನೆ, ಹುಲಿ ಎರಡೂ ಇವೆ ಎಂದು ಹೆಂಡತಿ ನೆನಪಿಸಿದರು. ಬಸ್ಸಿಲ್ಲವೇ ಎಂದು ಯಜಮಾನರು ಕೇಳಿದರು. ನನಗೆ ಅರ್ಧಂಬರ್ಧ ಮಲೆಯಾಳ ಬರುತ್ತಿತ್ತು, ಚಾ ಅಂಗಡಿಯವನನ್ನು ವಿಚಾರಿಸಿದೆ. ಸಂಜೆಗೆ ಬಸ್ಸಿತ್ತು. ಅದರ ಡ್ರೈವರಿಗೆ ಮದುವೆಯಾಗಿದೆಯಾ ಕೇಳು ಎಂದರು ಯಜಮಾನರು. ನನಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ, ಆದರೂ ಕೇಳಿದೆ. ಅವನಿಗೆ ಇಬ್ಬರು ಹೆಂಡಿರಂತೆ ಎಂದೆ. ಯಜಮಾನರು ತಲೆಯಾಡಿಸಿದರು. ಅವನು ಬೇಡ, ಅವನಿಗೆ ಜೀವ ಬೇಜಾರಾಗಿರುತ್ತದೆ ಎಂದರು.

ನಾನೇ ನಿಧಾನವಾಗಿ ಇಳಿಸುತ್ತೇನೆ, ನನ್ನ ಮೇಲೆ ನಂಬಿಕೆ ಇಡಿ ಎಂದು ಕೈಮುಗಿದೆ. ಆಗ ಅವರ ಮನಸ್ಸಿನಲ್ಲಿದ್ದುದು ಹೊರಗೆ ಬಂತು.

"ನಿನ್ ಕೈ ಚೆಂದಾಗದೆ ಕಣ್ಲಾ, ಅದು ನಾನೇ ನೋಡ್ದಿ. ಆದ್ರೆ ನೀನು ಹೆಂಡ್ರು ಮಕ್ಳಿಲ್ದ ಮನ್ಸ. ಯಾವ ಆಸೆಗೆ ಬ್ರೇಕ್ ಒತ್ತೀಯ? ನಿಂಗೂ ಮನೇಲಿ ಒಬ್ಳು ಕಾಯ್ತಾವ್ಳೆ ಅಂದಿದ್ರೆ ನಾನು ಧೈರ್ಯವಾಗಿ ಕುಂತ್ಕತಿದ್ದಿ."

ಹುಡುಗಿ ಕಣಿವೆ ನೋಡುತ್ತಿದ್ದಳು. ಅವಳ ತಾಯಿ ಚಾ ಲೋಟ ಕೆಳಗಿಟ್ಟು, ಸಂತೆಗೆ ಹೋಗುವ ಮಾತಿನಷ್ಟು ಸಲೀಸಾಗಿ, "ಅಂಗಾದ್ರೆ ಕೊಟ್ಬುಡಿ," ಎಂದರು.

ಯಜಮಾನರು ಎದ್ದು ಹೋಗಿ ಇನ್ನೊಂದು ಸಲ ರಸ್ತೆ ನೋಡಿ ಬಂದರು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಎಲೆ ಅಡಿಕೆ ತೆಗೆದರು. ನಮ್ಮಲ್ಲಿ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಕಡೆಯ ಹಿರಿಯರ ಕೈಗೆ ತಾಂಬೂಲ ಕೊಟ್ಟರೆ ಮಾತು ಕೊಟ್ಟ ಹಾಗೆ, ಅದು ಮುರಿಯುವಂತಿಲ್ಲ. ಗಂಡಿನ ಕಡೆಗೆ ಯಾರಿದ್ದಾರೆ ಎಂದು ಸುತ್ತ ನೋಡಿದರು. ಆ ಬೆಟ್ಟದ ಮೇಲೆ ನನಗೆಂದು ಇದ್ದವನು ಚಾ ಅಂಗಡಿಯವನೊಬ್ಬನೇ. ವಯಸ್ಸಿನಲ್ಲಿ ಹಿರಿಯ, ಅಷ್ಟು ಸಾಕು ಎಂದರು. ಅವನನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿ, ಎರಡು ಕೈಯಲ್ಲೂ ತಾಂಬೂಲ ಹಿಡಿದು, ಶಿವನ ಹೆಸರು ಹೇಳಿ ಕೊಟ್ಟರು. ಆ ಪುಣ್ಯಾತ್ಮ ಸಂತೋಷದಿಂದ ತೆಗೆದುಕೊಂಡು, ಮಡಿಸಿ ಬಾಯಿಗೆ ಹಾಕಿ ಅಗಿಯತೊಡಗಿದ.

ಯಜಮಾನರು ಗಾಬರಿಯಿಂದ ನನ್ನ ಕಡೆ ನೋಡಿದರು. ಎಲೆ ಬಹಳ ಚೆನ್ನಾಗಿದೆ ಎನ್ನುತ್ತಾರೆ ಎಂದು ತರ್ಜುಮೆ ಮಾಡಿದೆ.

"ಆಯ್ತು ಬುಡು. ಅಗ್ದಾಯ್ತಲ್ಲ, ಇನ್ನು ವಾಪ್ಸು ಕೇಳಂಗಿಲ್ಲ," ಎಂದು ಯಜಮಾನರು ಧೈರ್ಯವಾಗಿ ಬಂದು ಕಾರಿನಲ್ಲಿ ಕೂತರು. "ಈಗ ಓಡ್ಸಿ, ಅಳಿಯಂದ್ರೆ."

ನನಗೆ ಆದ ಸಂತೋಷ ಇಷ್ಟು ಅಷ್ಟು ಎಂದು ಹೇಳಲಾರೆ. ಹಾಡಿಕೊಂಡು ಕಾರು ಸ್ಟಾರ್ಟ್ ಮಾಡಿದೆ. ಮೊದಲ ತಿರುವಿಗೆ ಬಂದೆ, ಪ್ರಪಾತ ನೋಡಿದೆ. ಅಷ್ಟು ವರ್ಷ ಕಾಣದ ಆಳ ಅವತ್ತು ಕಂಡಿತು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯಾಗುವವಳು ಕೂತಿದ್ದಾಳೆ, ಮದುವೆಯಾಗಬೇಕು, ಸಂಸಾರ ಮಾಡಬೇಕು, ಇದೆಲ್ಲ ಬಿಟ್ಟು ಸಾಯುವುದುಂಟೇ ಎನ್ನಿಸಿತು. ಕಾಲು ಬ್ರೇಕಿನ ಮೇಲಿಂದ ಏಳಲೊಲ್ಲದು. ಮೊದಲನೆಯ ಗೇರಿನಲ್ಲಿ, ತಿರುವಿಗೆ ನಾಲ್ಕು ಹಾರನ್ ಹೊಡೆಯುತ್ತ ತೆವಳಿದೆ. ತಲೆಯ ಮೇಲೆ ಸೌದೆ ಹೊರೆ ಹೊತ್ತ ಒಬ್ಬ ಮುದುಕಿ ನಮ್ಮನ್ನು ದಾಟಿ ಮುಂದೆ ಹೋದಳು. ಮುಂದಿನ ತಿರುವಿನಲ್ಲಿ ಹೊರೆ ಇಳಿಸಿ ಕೂತು ಸುಧಾರಿಸಿಕೊಂಡು, ನಾವು ಬರುವುದನ್ನು ಕಂಡು ಎದ್ದು ಮತ್ತೆ ಮುಂದೆ ಹೋದಳು.

ಯಜಮಾನರ ಮುಖ ಅರಳಿತ್ತು. "ಈಗ ಬಂತು ನೋಡು ಜೀವದ ಮ್ಯಾಲೆ ಆಸೆ," ಎಂದು ನನ್ನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಹಿಂದಿನಿಂದ ಹುಡುಗಿಯ ಮಾತು ಕೇಳಿಸಿತು. ಹೇಳಿದ್ದು ಅವ್ವನಿಗೆ, ಆದರೆ ನನಗೆ ಕೇಳಿಸಲಿ ಎಂದೇ ಹೇಳಿದ್ದು.

"ಅವ್ವ, ಘಾಟಿ ಡ್ರೈವರ್ ಅಂತ ತಾನೆ ನಾನು ಅವತ್ತೇ ವೊಪ್ಕಂಡಿದ್ದು. ಇವ್ರು ಇಂಗೆ ಎದುರ್ಕಂಡು ಓಡ್ಸೋರಾದ್ರೆ ನಂಗೆ ಬ್ಯಾಡ ಕಣವ್ವ."

ಕನ್ನಡಿಯಲ್ಲಿ ನೋಡಿದೆ. ಅವಳು ಅವತ್ತಿನ ಹಾಗೆಯೇ ನೆಟ್ಟಗೆ ನೋಡುತ್ತಿದ್ದಳು. ಪಕ್ಕದಲ್ಲಿ ಯಜಮಾನರು, ನಿಧಾನ, ಅಳಿಯಂದ್ರೆ, ನಿಧಾನ ಅನ್ನುತ್ತಿದ್ದರು. ಆಕ್ಸಿಲರೇಟರ್ ಒತ್ತಿದರೆ ಮಾವನವರು ಹೋಗುತ್ತಾರೆ, ಒತ್ತದಿದ್ದರೆ ಹೆಂಡತಿ ಹೋಗುತ್ತಾಳೆ.

ಒತ್ತಿದೆ.